ತೂಕದ ಮಾಲಿನಲ್ಲಿ ಸಿಕ್ಕ ಮೈಸೂರು

ಭಾನುವಾರ ಬೆಳಗ್ಗೆ ಆರೂವರೆಗೆ ಎಸ್.ಜೆ.ಪಿ. ರಸ್ತೆಯ ಅಂಗಡಿಗಳ ಷಟರ್ ಇನ್ನೂ ಮುಚ್ಚಿರುತ್ತವೆ. ಅವುಗಳ ಮುಂದೆ ಟಾರ್ಪಾಲು ಹಾಸಿ ಸಂಡೇ ಬಜಾರ್ ಆಗಲೇ ಶುರುವಾಗಿರುತ್ತದೆ. ಊರಿಗೆ ಬಂದ ಮೊದಲ ಭಾನುವಾರ ಅಲ್ಲಿಗೆ ಹೋಗದಿದ್ದರೆ ನನಗೆ ಬೆಂಗಳೂರಿಗೆ ಬಂದ ಹಾಗೇ ಆಗುವುದಿಲ್ಲ. ಈ ಸಲ ಅಕ್ಕನ ಮಗನನ್ನೂ ಎಬ್ಬಿಸಿ ಕರೆದುಕೊಂಡು ಹೋದೆ. "ಮಾಮ, ಇವತ್ತು ಭಾನುವಾರ ಅಲ್ವಾ?" ಎಂದು ಗೊಣಗುತ್ತಲೇ ಬಂದ. ಬಿಸಿಲು ಏರುವ ಮೊದಲೇ ಹೋಗಬೇಕು. ಒಳ್ಳೆಯ ಮಾಲು ಎಂಟು ಗಂಟೆಗೆಲ್ಲ ಕೈ ಬದಲಾಗಿರುತ್ತದೆ.

ಮಿಕ್ಸಿ ಜಾರ್, ಚಾರ್ಜರ್, ಸ್ಪ್ಯಾನರ್, ನಿಂತ ಗಡಿಯಾರಗಳನ್ನೆಲ್ಲ ದಾಟಿದ ಮೇಲೆ ನಾನು ಹುಡುಕುತ್ತಿದ್ದ ರಾಶಿ ಸಿಕ್ಕಿತು. ಹಳೇ ಕಾರುಗಳ ಬಾಗಿಲ ಹಿಡಿಗಳು, ಎರಡು ಹಾರ್ನ್, ಒಂದು ವೈಪರ್ ಮೋಟರ್, ಅಂಬಾಸಡರಿನ ವೀಲ್ ಕಪ್ಪು. ಅದರ ಕೆಳಗೆ ಒಂದು ಕಪ್ಪು ತಗಡು ಇಣುಕುತ್ತಿತ್ತು. ಎಳೆದು ನೋಡಿದರೆ ನಂಬರ್ ಪ್ಲೇಟು. ಕೈಯಲ್ಲಿ ಬರೆದ ಬಿಳಿ ಅಕ್ಷರಗಳು. ಶುರುವಿನಲ್ಲೇ ‘ಎಂ.ವೈ.’ ಎಂದಿತ್ತು.

ಅದನ್ನು ಹಿಡಿದುಕೊಂಡು ಅಲ್ಲೇ ಕುಕ್ಕರಗಾಲಿನಲ್ಲಿ ಕೂತೆ. ಬರೆದವರು ಸಾಮಾನ್ಯ ಕೈಯವರಲ್ಲ. ‘ಎಂ’ ಅಕ್ಷರದ ಎರಡು ಕಾಲುಗಳೂ ಒಂದೇ ದಪ್ಪ. ಬ್ರಷ್ ಎತ್ತಿದ ಕಡೆ ಮಾತ್ರ ಒಂದು ಎಳೆ ತೆಳ್ಳಗಾಗಿತ್ತು. ಬೋಲ್ಟ್ ಹಾಕುವ ಎರಡು ತೂತುಗಳಲ್ಲಿ ಒಂದು ಗುಂಡಗಿತ್ತು. ಇನ್ನೊಂದು ಅಲುಗಾಡಿ ಅಲುಗಾಡಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಆ ಕಾರು ಎಷ್ಟು ಕೆಟ್ಟ ರಸ್ತೆ ಕಂಡಿರಬೇಕು! ಕೆಳಗಿನ ಮೂಲೆಯಲ್ಲಿ ಬರೆದವರ ಸಹಿ ಇತ್ತು. ಹೆಸರು ಅಳಿಸಿಹೋಗಿ ಕನ್ನಡದಲ್ಲಿ ‘ಆರ್ಟ್ಸ್’ ಎಂಬಷ್ಟು ಮಾತ್ರ ಉಳಿದಿತ್ತು.

"ಎಷ್ಟು ಭಾಯ್?"

"ತೂಕದ ಮಾಲು ಸಾರ್ ಅದು. ಬೋಣಿ ಟೈಮು, ಐವತ್ತು ಕೊಡಿ."

ಚೌಕಾಸಿ ಮಾಡಲಿಲ್ಲ. ಮನಸ್ಸೇ ಬರಲಿಲ್ಲ.

ಎಂ.ವೈ. ಎಂದರೆ ಮೈಸೂರು ರಾಜ್ಯ. 1973ರ ನವೆಂಬರ್ 1ರಂದು ನಮ್ಮ ರಾಜ್ಯ ಕರ್ನಾಟಕವಾಯಿತು. ಆಮೇಲಿನ ಗಾಡಿಗಳಲ್ಲಿ ಸಿ.ಎ., ಸಿ.ಎನ್. ಎಂದೆಲ್ಲ ಬಂತು. 1989ರಲ್ಲಿ ಹೊಸ ಮೋಟಾರು ಕಾಯ್ದೆ ಜಾರಿಯಾದ ಮೇಲೆ ಈಗ ಎಲ್ಲರೂ ನೋಡುವ ಕೆ.ಎ. ಬಂತು. ರಾಜ್ಯದ ಚರಿತ್ರೆಯನ್ನು ಬಂಪರಿಗೆ ಕಟ್ಟಿಕೊಂಡು ಓಡಾಡಿದ ತಗಡು ಅದು. ಇಷ್ಟನ್ನು ಹೇಳಿದಾಗ ಅಕ್ಕನ ಮಗ ಮೊದಲ ಸಲ ಅದನ್ನು ಕೈಗೆ ತೆಗೆದುಕೊಂಡ.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಹರ್ಷಿ ಎಂಬ ಊರಿದೆ. ಚಾಕೊಲೇಟ್ ಕಾರ್ಖಾನೆಯ ಸುತ್ತ ಬೆಳೆದ ಊರು. ಅಲ್ಲಿನ ಮುಖ್ಯ ಬೀದಿಯ ದೀಪಗಳು ಕೂಡ ಚಾಕೊಲೇಟಿನ ಆಕಾರದಲ್ಲಿವೆ. ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ಹಳೇ ಕಾರುಗಳ ಜಾತ್ರೆ ನಡೆಯುತ್ತದೆ. 1935ರಲ್ಲಿ ಹುಟ್ಟಿದ ಆಂಟೀಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ 1955ರಿಂದ ಅದನ್ನು ನಡೆಸಿಕೊಂಡು ಬಂದಿದೆ. ಮಾರುವವರಿಗೆಂದು ಗುರುತು ಹಾಕಿದ ಜಾಗಗಳೇ ಸುಮಾರು 9,000. ಒಂದು ದಿನ ಪೂರ್ತಿ ನಡೆದರೂ ಅರ್ಧ ಮುಗಿಯುವುದಿಲ್ಲ. ಜನ ಸಣ್ಣ ಕೈಗಾಡಿ ಎಳೆದುಕೊಂಡು ಬರುತ್ತಾರೆ. ಕೆಲವರ ಬೆನ್ನ ಮೇಲೆ ರಟ್ಟಿನ ಬೋರ್ಡು ತೂಗುತ್ತಿರುತ್ತದೆ. ಇಂಥ ವರ್ಷದ ಇಂಥ ಕಾರಿನ ಎಡಗಡೆ ಹೆಡ್‌ಲೈಟ್ ಬೇಕು, ಯಾರ ಹತ್ತಿರ ಇದೆ ಎಂದು ಅದರಲ್ಲಿ ಬರೆದಿರುತ್ತದೆ.

ನನ್ನ ಕಾಲು ಅಲ್ಲಿ ಜಾಸ್ತಿ ನಿಲ್ಲುವುದು ನಂಬರ್ ಪ್ಲೇಟಿನವರ ಹತ್ತಿರ. ಪೆನ್ಸಿಲ್ವೇನಿಯಾ ಸರ್ಕಾರ ಪ್ಲೇಟು ಕೊಡಲು ಶುರು ಮಾಡಿದ್ದು 1906ರಲ್ಲಿ. 1915ರವರೆಗೆ ಕೊಟ್ಟವೆಲ್ಲ ಎನಾಮಲ್ ತಗಡು, ನಮ್ಮ ಮನೆಗಳ ಹಳೇ ಎನಾಮಲ್ ತಟ್ಟೆಗಳ ಹಾಗೆ. ಅಂಚಿನಲ್ಲಿ ಚಕ್ಕೆ ಎದ್ದಿದ್ದರೂ ಬಣ್ಣ ಇವತ್ತಿಗೂ ಹೊಳೆಯುತ್ತದೆ. ವರ್ಷದ ಪ್ರಕಾರ ಪೆಟ್ಟಿಗೆಯಲ್ಲಿ ನಿಲ್ಲಿಸಿಟ್ಟಿರುತ್ತಾರೆ. ಹೆಚ್ಚಿನವಕ್ಕೆ ದಾರದಲ್ಲಿ ಕಟ್ಟಿದ ಒಂದು ಚೀಟಿ. ಯಾವ ವರ್ಷದ್ದು, ಯಾವ ಊರಿನ ಯಾವ ಕೊಟ್ಟಿಗೆಯಲ್ಲಿ ಸಿಕ್ಕಿತು, ಯಾವ ಕಾರಿನದು, ಎಲ್ಲವೂ ಪೆನ್ಸಿಲಿನಲ್ಲಿ ಬರೆದಿರುತ್ತದೆ. ಬೆಲೆ ಕೊನೆಯಲ್ಲಿ.

ಹರ್ಷಿಯ ಥಳಕು ಬೆಂಗಳೂರಿಗೆ ಬೇಕು ಎಂದು ನಾನು ಹೇಳುತ್ತಿಲ್ಲ. ಆ ಚೀಟಿಯೊಂದು ಬಂದರೆ ಸಾಕು.

ಕೈಗೆಲಸದ ವಿಷಯಕ್ಕೆ ಬಂದರೆ ನಮ್ಮೂರಿನ ಮುಂದೆ ಅವರು ಏನೂ ಅಲ್ಲ. ಇದನ್ನು ಅಲ್ಲಿನ ಗೆಳೆಯರಿಗೂ ಹೇಳಿದ್ದೇನೆ. ಅಪ್ಪನ ಹತ್ತಿರ ಒಂದು ಫಿಯಟ್ ಇತ್ತು, ಬೂದು ಬಣ್ಣದ್ದು, ಹ್ಯಾಂಡ್ ಗೇರಿನದು. ಅದನ್ನು ನೋಡಿಕೊಳ್ಳುತ್ತಿದ್ದ ಚಾಮರಾಜಪೇಟೆಯ ಮೇಸ್ತ್ರಿ ಎಂಜಿನ್ ಓಡುತ್ತಿರುವಾಗಲೇ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳಿ, "ಮೂರನೇದು ಟ್ಯಾಪೆಟ್ ಸ್ವಾಮಿ" ಎನ್ನುತ್ತಿದ್ದರು. ಬಿಚ್ಚಿದರೆ ಅದೇ ಆಗಿರುತ್ತಿತ್ತು. ಸಾಮಾನು ಸಿಗಲಿಲ್ಲವೆಂದು ಅವರು ಕೈ ಕಟ್ಟಿ ಕೂತದ್ದನ್ನು ನಾನು ನೋಡಿಲ್ಲ. ವಾಟರ್ ಪಂಪಿನ ಬುಷ್ ಸವೆದರೆ ಅದನ್ನು ಜೇಬಿಗೆ ಹಾಕಿಕೊಂಡು ಜೆ.ಸಿ. ರಸ್ತೆಗೆ ಹೋಗುತ್ತಿದ್ದರು. ಅಂಗಡಿಯಲ್ಲಿ ಇಲ್ಲದಿದ್ದರೆ ಪಕ್ಕದ ಓಣಿಯ ಲೇತ್‌ನವರಿಗೆ ಕೊಡುತ್ತಿದ್ದರು. ಸಂಜೆ ಹೊತ್ತಿಗೆ ಹೊಸ ಬುಷ್ ಕೈಯಲ್ಲಿ. ಹರ್ಷಿಯಲ್ಲಿ ಬೆನ್ನ ಮೇಲೆ ಬೋರ್ಡು ಹಾಕಿಕೊಂಡವರು ಅದೇ ಸಾಮಾನಿಗಾಗಿ ಇನ್ನೊಂದು ಅಕ್ಟೋಬರಿನವರೆಗೆ ಕಾಯುತ್ತಾರೆ.

ಆದರೆ ತುಂಬ ವರ್ಷ ಎರಡೂ ಕಡೆ ಓಡಾಡಿದ ಮೇಲೆ ನನಗೆ ಅನ್ನಿಸಿದ್ದು ಇದು. ಯಾವುದನ್ನು ಬೇಕಾದರೂ ಮಾಡಿಕೊಳ್ಳಬಲ್ಲೆವು ಎಂಬ ಧೈರ್ಯ ಇರುವುದರಿಂದಲೇ ನಾವು ಏನನ್ನೂ ಇಟ್ಟುಕೊಳ್ಳುವುದಿಲ್ಲ. ಬುಷ್ ಹೊಸದಾಗಿ ಬಂತಲ್ಲ, ಹಳೆಯದು ಯಾಕೆ? ತಗಡು ಹೊಸದಾಗಿ ಬರೆಸಿದೆವಲ್ಲ, ಹಳೆಯದು ಗುಜರಿಗೆ. ಹರ್ಷಿಯವರಿಗೆ ಆ ಧೈರ್ಯ ಇಲ್ಲ. ಕಳೆದುಹೋದರೆ ಮತ್ತೆ ಸಿಗುವುದಿಲ್ಲ ಎಂಬ ಭಯ ಅವರಿಗೆ. ಅದಕ್ಕೇ ಚೀಟಿ ಬರೆದು ಕಟ್ಟುತ್ತಾರೆ.

1996ರಲ್ಲಿ ಅಪ್ಪ ಆ ಫಿಯಟ್ ಮಾರಿದರು. ಕೊಳ್ಳುವವರು ಮನೆ ಮುಂದೆ ನಿಂತಿದ್ದಾಗ ಒಳಗೆ ಕೈ ಹಾಕಿ, ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿಯನ್ನು ಬಿಡಿಸಿ ಜೇಬಿಗೆ ಹಾಕಿಕೊಂಡರು. ಆ ಗಣಪತಿ ಇವತ್ತಿಗೂ ಅಕ್ಕನ ಮನೆಯ ದೇವರ ಗೂಡಿನಲ್ಲಿದೆ. ಆದರೆ ಹದಿನೇಳು ವರ್ಷದ ಸರ್ವಿಸ್ ಬಿಲ್ಲುಗಳ ಕಟ್ಟು, ಕಂಪನಿಯವರು ಕೊಟ್ಟ ಪುಸ್ತಕ, ಅಪ್ಪ ಪೆಟ್ರೋಲ್ ಹಾಕಿಸಿದ ಲೆಕ್ಕ ಬರೆದ ಸಣ್ಣ ಡೈರಿ, ಎಲ್ಲವೂ ಕಾರಿನ ಜೊತೆಗೇ ಹೋದವು. ಯಾರಿಗೂ ಹೊಳೆಯಲಿಲ್ಲ. ಆಮೇಲೆ ಎಷ್ಟೋ ಸಲ ಅಪ್ಪ ಆ ಡೈರಿಯನ್ನು ನೆನೆಸಿಕೊಂಡಿದ್ದಾರೆ.

ಈ ಊರು ಕಾರು, ಬೈಕುಗಳ ವಿಷಯದಲ್ಲಿ ಬಡವಾಗಿದ್ದರೆ ನಾನು ಇಷ್ಟು ಸಂಕಟಪಡುತ್ತಿರಲಿಲ್ಲ. 1951ರಲ್ಲಿ ಇಲ್ಲಿ ಮೈಕೋ ಶುರುವಾಯಿತು. ಆಡುಗೋಡಿಯ ಆ ಕಾರ್ಖಾನೆಯ ಹೆಸರಿನ ಸ್ಪಾರ್ಕ್ ಪ್ಲಗ್ಗು ಇಲ್ಲದ ಗ್ಯಾರೇಜು ಆಗ ಸಿಗುತ್ತಿರಲಿಲ್ಲ. ಕಂಪನಿಯ ಹೆಸರು 2008ರಲ್ಲಿ ಬಾಷ್ ಆಯಿತು. ಮೈಕೋ ಲೇಔಟ್ ಎಂದು ದಿನಾ ಹೇಳುವ ಎಷ್ಟೋ ಹುಡುಗರಿಗೆ ಮೈಕೋ ಎಂದರೆ ಏನೆಂದೇ ಗೊತ್ತಿಲ್ಲ. ಸಿಪಾನಿಯವರು ಬೆಂಗಳೂರಿನಲ್ಲೇ ಕಾರು ಮಾಡಿದರು. ಮೂರು ಚಕ್ರದ ಬಾದಲ್, ಆಮೇಲೆ 1982ರಲ್ಲಿ ಡಾಲ್ಫಿನ್. ಎರಡಕ್ಕೂ ಫೈಬರ್ ಬಾಡಿ. ಕಬ್ಬಿಣವಾಗಿದ್ದರೆ ಕಿಲೋ ಲೆಕ್ಕದಲ್ಲಾದರೂ ಕೇಳುತ್ತಾರೆ, ಫೈಬರನ್ನು ಗುಜರಿಯವರು ಮೂಸಿಯೂ ನೋಡುವುದಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲೇ ಒಂದು ಡಾಲ್ಫಿನ್ ಇತ್ತು. ಈಗ ಅದರ ಒಂದು ಬಾಗಿಲ ಹಿಡಿ ತೋರಿಸಿ ಎಂದರೂ ಎಲ್ಲಿಗೆ ಹೋಗಲಿ?

ಚೆನ್ನಾಗಿ ನಡೆಸಿಕೊಂಡು ಬಂದವರೂ ಇದ್ದಾರೆ. ಎಜ್ಡಿ, ಜಾವಾ ಬೈಕುಗಳವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಬೈಕುಗಳು ಮಾತ್ರ ನಿಲ್ಲಲಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಜಾವಾ ದಿನ. ಒಂದು ಸಲ ಹೋಗಿ ನೋಡಿ. ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಆಗುವ ಆ ಚಮತ್ಕಾರವನ್ನು ಅರವತ್ತು ದಾಟಿದವರು ಕಾಲೇಜು ಹುಡುಗರಿಗೆ ತೋರಿಸಿಕೊಡುತ್ತಿರುತ್ತಾರೆ. ಯಾವ ವರ್ಷದ ಟ್ಯಾಂಕಿಗೆ ಯಾವ ಬಣ್ಣ, ಯಾವ ಲಾಂಛನ ಎಂದು ಅವರಿಗೆ ಬಾಯಿಪಾಠ. ಬೈಕಿನವರಿಗೆ ಇರುವ ಆ ಒಗ್ಗಟ್ಟು ನಮ್ಮ ಫಿಯಟ್, ಅಂಬಾಸಡರ್, ಹೆರಾಲ್ಡ್‌ಗಳವರಿಗೂ ಇರಬೇಕಿತ್ತು ಎಂದು ಆಸೆಯಾಗುತ್ತದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೇ ಕಾರುಗಳನ್ನು ಕಣ್ಣಿಗೆ ಹಬ್ಬವಾಗುವಂತೆ ಇಟ್ಟಿದ್ದಾರೆ. ನೋಡಿ ಕೈ ಮುಗಿಯಬೇಕು. ಆದರೆ ಅಲ್ಲಿ ಮುಟ್ಟುವಂತಿಲ್ಲ. ಬಜಾರಿನಲ್ಲಿ ಮುಟ್ಟಬಹುದು, ಮೂಸಬಹುದು, ಮಾರುವವರನ್ನು ಕೇಳಬಹುದು.

ನಾವು ಕೇಳುವುದಿಲ್ಲ, ಅಷ್ಟೇ. ಆ ದಿನ ಐವತ್ತು ರೂಪಾಯಿ ಕೊಟ್ಟ ಮೇಲೆ ಸುಮ್ನೆ ಕೇಳಿದೆ, ಇದು ಯಾವ ಗಾಡಿದು ಭಾಯ್, ನೆನಪಿದೆಯಾ ಎಂದು. ಅವರು ತಲೆ ಕೆರೆದುಕೊಳ್ಳಲೂ ಇಲ್ಲ. "ಅಂಬಾಸಡರ್ ಸಾರ್. ತುಮಕೂರು ಕಡೆ ಡಾಕ್ಟರ್ ಒಬ್ಬರದು. ತೀರಿಹೋದ ಮೇಲೆ ಮಕ್ಕಳು ಕೊಟ್ಟುಬಿಟ್ರು. ಡಿಕ್ಕಿ ತೆಗೆದ್ರೆ ಒಂದು ಪೆಟ್ಟಿಗೆ ತುಂಬ ಔಷಧಿ ಸೀಸೆ, ಖಾಲಿವು. ನಾನೇ ಬಿಚ್ಚಿದ್ದು ಶಿವಾಜಿನಗರದಲ್ಲಿ." ಎಲ್ಲವೂ ಅವರ ತಲೆಯಲ್ಲಿತ್ತು. ನಾನು ಕೇಳದಿದ್ದರೆ ಆ ಡಾಕ್ಟರರೂ ಇಲ್ಲ, ಔಷಧಿ ಸೀಸೆಯೂ ಇಲ್ಲ. ಕಾಲು ಕಿಲೋ ತಗಡು, ಅಷ್ಟೇ.

ಇದೆಲ್ಲ ಹೊಟ್ಟೆ ತುಂಬಿದವರ ಮಾತು, ಗುಜರಿಯವರಿಗೆ ಅವರ ಹೊಟ್ಟೆಪಾಡು ಮುಖ್ಯ ಎಂದು ಭಾವ ಹೇಳಿದರು. ಹೊಟ್ಟೆಪಾಡಿಗೇ ಹೇಳುತ್ತಿದ್ದೇನೆ ಭಾವ ಎಂದೆ. ಹರ್ಷಿಯಲ್ಲಿ ಒಂದೇ ವರ್ಷದ ಎರಡು ಪ್ಲೇಟು ಪಕ್ಕಪಕ್ಕ ಇದ್ದರೆ ಚೀಟಿ ಇರುವುದಕ್ಕೆ ಜನ ಎರಡರಷ್ಟು ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಡಾಕ್ಟರರ ಕತೆಯನ್ನು ಮೊದಲೇ ಹೇಳಿದ್ದರೆ ನಾನು ಐನೂರು ಕೊಡುತ್ತಿದ್ದೆ. ಗುಜರಿಯವರು ಸಾಮಾನಿನ ಜೊತೆ ಅದರ ಕತೆಯನ್ನೂ ತೂಕಕ್ಕೆ ಹಾಕಿ ಬಿಟ್ಟಿ ಕೊಡುತ್ತಿದ್ದಾರೆ. ನಷ್ಟ ಅವರದೇ.

ಕಾಗದದ ಬೆಲೆ ಈಗ ಸರ್ಕಾರಕ್ಕೂ ಗೊತ್ತಾಗಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದಿರುವ ಕಾರು, ಬೈಕುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಮೊದಲೇ ನೋಂದಣಿ ಇದ್ದ ಗಾಡಿಗೆ ಅದರ ಹಳೇ ನಂಬರನ್ನೇ ಉಳಿಸಿಕೊಡುತ್ತಾರೆ. ಅಂದರೆ ಎಂ.ವೈ. ಎಂದೇ ಓಡಾಡಬಹುದು! ದಿನಾ ಆಫೀಸಿಗೆ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಅಡ್ಡಿಯಿಲ್ಲ. ಪೆನ್ಸಿಲ್ವೇನಿಯಾದಲ್ಲಿ 25 ವರ್ಷಕ್ಕೇ ಆಂಟೀಕ್ ಪ್ಲೇಟು ಸಿಗುತ್ತದೆ. ನಮ್ಮಲ್ಲಿ 50 ಕಾಯಬೇಕು. ಅದು ಜಾಸ್ತಿಯಾಯಿತು ಎಂದು ನನಗೆ ಅನ್ನಿಸುತ್ತದೆ. ಅಷ್ಟು ವರ್ಷ ಆರ್.ಸಿ. ಪುಸ್ತಕ ಜೋಪಾನ ಮಾಡುವ ಮನೆಗಳು ಎಷ್ಟಿವೆ? 50 ತುಂಬುವ ಹೊತ್ತಿಗೆ ಗಾಡಿ ಶಿವಾಜಿನಗರ ಸೇರಿರುತ್ತದೆ.

ಕಾರಿನ ಕೊಟ್ಟಿಗೆಯಲ್ಲೋ ಅಟ್ಟದ ಮೇಲೋ ಇಂಥದ್ದು ಇಟ್ಟುಕೊಂಡವರಿಗೆ ನನ್ನದೊಂದು ಕೋರಿಕೆ. ಮಾರಿ, ಬೇಡ ಎನ್ನುವುದಿಲ್ಲ. ಜಾಗ ಇಲ್ಲದ ಊರಿನಲ್ಲಿ ಎಲ್ಲವನ್ನೂ ಯಾರು ಇಟ್ಟುಕೊಳ್ಳುತ್ತಾರೆ? ಕೊಡುವ ಮೊದಲು ಒಂದು ಚೀಟಿ ಬರೆಯಿರಿ. ಯಾರ ಗಾಡಿ, ಯಾವಾಗ ಕೊಂಡದ್ದು, ಎಲ್ಲಿಗೆಲ್ಲ ಹೋಗಿತ್ತು. ನಾಲ್ಕು ಸಾಲು ಸಾಕು. ಗೂಗಲ್‌ನಲ್ಲಿ ಹುಡುಕಿದರೆ ಸಿಗುವ ಕಂಪನಿ ವಿವರ ಬೇಡ. ಧರ್ಮಸ್ಥಳಕ್ಕೆ ಹೋಗುವಾಗ ಘಾಟಿಯಲ್ಲಿ ಎಲ್ಲಿ ರೇಡಿಯೇಟರ್ ಕುದಿಯಿತು, ಯಾರ ಮದುವೆಗೆ ಹೂವು ಕಟ್ಟಿದ್ದಿರಿ ಎಂಬುದು ಬೇಕು. ಅದು ನಿಮಗೆ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ.

ನಮ್ಮ ಪ್ಲೇಟಿಗೆ ಅಕ್ಕನ ಮಗನೇ ಚೀಟಿ ಬರೆದ. ಮೊದಲು ಫೋನಿನಲ್ಲಿ ಬರೆದುಕೊಳ್ಳುತ್ತೇನೆ ಎಂದ. ಫೋನನ್ನು ತಗಡಿಗೆ ಕಟ್ಟೋಕಾಗಲ್ಲ ಎಂದೆ. ಹಳೇ ಮದುವೆ ಕಾರ್ಡಿನ ಹಿಂಬದಿಯನ್ನು ಕತ್ತರಿಸಿ, ಬಾಲ್‌ಪೆನ್ನಿನಲ್ಲಿ ‘ಅಂಬಾಸಡರ್, ತುಮಕೂರು ಕಡೆಯ ಡಾಕ್ಟರದು, ಡಿಕ್ಕಿಯಲ್ಲಿ ಖಾಲಿ ಔಷಧಿ ಸೀಸೆಗಳಿದ್ದವು’ ಎಂದು ಬರೆದು, ಕೆಳಗೆ ಕೊಂಡ ದಿನಾಂಕ ಹಾಕಿದ. ಮೊಟ್ಟೆಯಾಕಾರದ ತೂತಿನಲ್ಲಿ ದಾರ ತೂರಿಸಿ ಕಟ್ಟಿದೆವು. ಪ್ಲೇಟನ್ನು ನಾನು ಪೆನ್ಸಿಲ್ವೇನಿಯಾಕ್ಕೆ ತೆಗೆದುಕೊಂಡು ಹೋಗುತ್ತಿಲ್ಲ. ಅದು ಅವನ ಮೇಜಿನ ಮೇಲೆ ಗೋಡೆಗೆ ಒರಗಿ ಕೂತಿದೆ.

ಅಪ್ಪನ ಫಿಯಟ್ಟಿನ ನಂಬರ್ ನನಗೆ ಇವತ್ತಿಗೂ ಬಾಯಿಪಾಠ. ಆ ರಾಶಿಯಲ್ಲಿ ತಳದವರೆಗೂ ಹುಡುಕಿದೆ, ಇರಲಿಲ್ಲ. ಬರುವ ಭಾನುವಾರ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋಗೋಣ ಎಂದಿದ್ದೇವೆ. ನಂಬರನ್ನು ಅಕ್ಕನ ಮಗನೂ ಬರೆದುಕೊಂಡಿದ್ದಾನೆ. ಮೂಲೆಯಂಗಡಿಯಿಂದ ಒಂದು ಉಂಡೆ ಟ್ವೈನ್ ದಾರ ತಂದಿಟ್ಟಿದ್ದೇನೆ.