ಎಪ್ಪತ್ತೆಂಟರ ಮುಂದೆ ಇದೆಂಥ ಹಿಮ

ಬಾಸ್ಟನ್ ಸೀಮೆಯ ಹಳಬರ ಎದುರು ಹಿಮ ಜಾಸ್ತಿಯಾಯಿತೆಂದು ಗೊಣಗಬಾರದು. ಗೊಣಗಿದರೆ ಅವರು ಕನಿಕರ ತೋರಿಸುವುದಿಲ್ಲ, ಇಸವಿ ಹೇಳುತ್ತಾರೆ. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜನಂತೂ ಸಲಿಕೆಯ ಹಿಡಿಯ ಮೇಲೆ ಗದ್ದ ಊರಿ, "ಇದೂ ಒಂದು ಹಿಮವೇ? ಎಪ್ಪತ್ತೆಂಟರಲ್ಲಿ ನೀವು ಇಲ್ಲಿರಬೇಕಿತ್ತು" ಎನ್ನುತ್ತಾರೆ. ಎಪ್ಪತ್ತೆಂಟರಲ್ಲಿ ನಾನು ಬಂಟ್ವಾಳದಲ್ಲಿ ಚಡ್ಡಿ ಹಾಕಿಕೊಂಡು ನೇತ್ರಾವತಿಯ ದಡದಲ್ಲಿ ಓಡಾಡುತ್ತಿದ್ದೆ. ಆದರೂ ಈ ಮಾತಿನ ಧಾಟಿ ನನಗೆ ಹೊಸದಲ್ಲ. ಹೊಳೆ ಎಷ್ಟೇ ಉಕ್ಕಿ ಬರಲಿ, ನಮ್ಮೂರಿನ ಹಿರಿಯರು "ಎಪ್ಪತ್ತನಾಲ್ಕರ ನೆರೆಯ ಮುಂದೆ ಇದೆಂಥ ನೆರೆ" ಎಂದು ಎಲೆಗೆ ಸುಣ್ಣ ಸವರುತ್ತಿದ್ದರು. ಅವರಿಗಿಂತಲೂ ಹಿರಿಯರಾದವರು 1923 ಎನ್ನುತ್ತಿದ್ದರು. ವಾದ ಅಲ್ಲಿಗೆ ಮುಗಿಯುತ್ತಿತ್ತು. 1923ಕ್ಕೆ ಎದುರುಸಾಕ್ಷಿ ನುಡಿಯುವವರು ಯಾರೂ ಉಳಿದಿರಲಿಲ್ಲ.

ಅಜ್ಜನ ಎಪ್ಪತ್ತೆಂಟನ್ನು ಲೆಕ್ಕ ಹಿಡಿದು ನೋಡಿದರೆ ಅದಕ್ಕೆ ಮೊದಲ ಸ್ಥಾನವಿಲ್ಲ. 1978ರ ಫೆಬ್ರವರಿ 6 ಮತ್ತು 7ರಂದು ಬಾಸ್ಟನ್ನಿನಲ್ಲಿ ಬಿದ್ದದ್ದು 27.1 ಇಂಚು. 2003ರ ಫೆಬ್ರವರಿಯ ಹಿಮಗಾಳಿ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಸುರಿಸಿತು. ಆದರೆ "ಎರಡು ಸಾವಿರದ ಮೂರರಲ್ಲಿ ನೀವು ಇಲ್ಲಿರಬೇಕಿತ್ತು" ಎಂದು ಯಾರೂ ನನ್ನನ್ನು ಹೆದರಿಸಿಲ್ಲ. 2003ರದ್ದು ರಜೆಯ ದಿನ ಬಂತು, ಮುಂಚಿತವಾಗಿ ಹೇಳಿಸಿಕೊಂಡು ಬಂತು. ಜನ ಬ್ರೆಡ್ಡು ಹಾಲು ತಂದಿಟ್ಟುಕೊಂಡು ಕಿಟಕಿಯಿಂದ ನೋಡಿದರು. ಎಪ್ಪತ್ತೆಂಟರದ್ದು ಬಂದದ್ದು ಸೋಮವಾರ. ಬೆಳಗಾಗುವಷ್ಟರಲ್ಲಿ ಹಿಮ ಬೀಳುತ್ತದೆ ಎಂದಿದ್ದರು, ಬೀಳಲಿಲ್ಲ. ಹವಾಮಾನದವರ ಮಾತು ಇಷ್ಟೇ ಎಂದು ಎಲ್ಲರೂ ಕೆಲಸಕ್ಕೆ ಹೋದರು. ಹಿಮ ತಡವಾಗಿ ಶುರುವಾಗಿ, ನೋಡನೋಡುತ್ತಿದ್ದಂತೆ ರಭಸ ಹಿಡಿಯಿತು. ಕಚೇರಿಗಳೆಲ್ಲ ಒಟ್ಟಿಗೆ ಬಾಗಿಲು ಹಾಕಿದವು. ನಗರವನ್ನು ಬಳಸಿ ಹೋಗುವ 128ನೇ ಹೆದ್ದಾರಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಾರುಗಳು ನಿಂತಲ್ಲೇ ಹೂತುಹೋದವು. ಹಾಕಿ ಪಂದ್ಯ ನೋಡಲು ಬಾಸ್ಟನ್ ಗಾರ್ಡನ್ ಕ್ರೀಡಾಂಗಣಕ್ಕೆ ಹೋಗಿದ್ದವರಲ್ಲಿ ಹಲವರು ಅಲ್ಲಿಯೇ ಮಲಗಬೇಕಾಯಿತು. ಅದೇ ಹೊತ್ತಿಗೆ ಕಡಲಿನ ಉಬ್ಬರವೂ ಜೋರಾಗಿತ್ತು. ರೆವೀರ್, ಹಲ್ ಮುಂತಾದ ಕರಾವಳಿ ಊರುಗಳಲ್ಲಿ ಅಲೆಗಳು ಮನೆಯೊಳಗೆ ಬಂದವು. ಚಿತ್ರಕಾರರು ಬರೆದು ಬರೆದು ಹೆಸರು ತಂದಿದ್ದ ರಾಕ್‌ಪೋರ್ಟ್ ಬಂದರಿನ ಮೀನುಗಾರರ ಕೆಂಪು ಗುಡಿಸಲು ಕೊಚ್ಚಿಹೋಯಿತು. ರಾಜ್ಯಪಾಲ ಡುಕಾಕಿಸ್ ಕೋಟು ಬಿಟ್ಟು ಸ್ವೆಟರ್ ತೊಟ್ಟು ದಿನವೂ ಟಿವಿಯಲ್ಲಿ ಕಾಣಿಸಿಕೊಂಡರು. ಸುಮಾರು ಒಂದು ವಾರ ಕಾರುಗಳು ರಸ್ತೆಗಿಳಿಯಕೂಡದೆಂದು ಕಟ್ಟಪ್ಪಣೆಯಾಯಿತು. ಈ ಭಾಗದಲ್ಲಿ ಸತ್ತವರು ಸುಮಾರು ನೂರು ಮಂದಿ. ಅಜ್ಜ ಆ ಸೋಮವಾರ 128ರ ಮೇಲಿದ್ದವರು. ಅವರ ಮುಂದೆ 2003ರ ಅರ್ಧ ಇಂಚಿನ ಮಾತೆತ್ತುವ ಧೈರ್ಯ ನನಗಿಲ್ಲ.

ಇನ್ನೊಂದು ತೊಡಕಿದೆ. ಈ ಕರಾವಳಿಯಲ್ಲಿ ಇಬ್ಬರು ಒಂದೇ ಹಿಮಗಾಳಿಯನ್ನು ಹೋಲಿಸಲು ಕುಳಿತರೂ ಅವರು ಕಂಡದ್ದು ಒಂದೇ ಆಗಿರುವುದಿಲ್ಲ. ಇಲ್ಲಿ ಹೆಸರು ಮಾಡಿದ ಹಿಮವೆಲ್ಲ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬರುತ್ತದೆ. ದಕ್ಷಿಣದ ಕೆರೊಲಿನಾ ತೀರದ ಬಳಿ, ಬೆಚ್ಚನೆಯ ಗಲ್ಫ್ ಪ್ರವಾಹದ ಮೇಲೆ ವಾಯುಭಾರ ಕುಸಿಯುತ್ತದೆ. ಆ ಸುಳಿ ಕರಾವಳಿಗುಂಟ ಉತ್ತರಕ್ಕೆ ಏರುತ್ತದೆ. ನಮ್ಮ ಮೇಲೆ ಬೀಸುವ ಗಾಳಿ ಮಾತ್ರ ಈಶಾನ್ಯದ ಕಡಲಿನಿಂದ ಬರುವುದರಿಂದ ಅದಕ್ಕೆ ನಾರ್‌ಈಸ್ಟರ್ ಎಂದು ಹೆಸರು. ಹವಾಮಾನ ನೋಡುವವರು ನಕಾಶೆಯಲ್ಲಿ ಒಂದು ಬಿಂದು ಗುರುತು ಮಾಡಿಕೊಂಡಿದ್ದಾರೆ: 40 ಡಿಗ್ರಿ ಉತ್ತರ, 70 ಡಿಗ್ರಿ ಪಶ್ಚಿಮ. ಸುಳಿ ಅದರ ಆಸುಪಾಸಿನಲ್ಲಿ ಹಾದರೆ ಬಾಸ್ಟನ್ನಿಗೆ ಒಳ್ಳೆಯ ಹಿಮ. ಅದಕ್ಕಿಂತ ಬಹಳ ಆಚೆ ಹೋದರೆ ಹಿಮವೆಲ್ಲ ಮೀನುಗಳ ಪಾಲು. ಈಚೆಗೆ ಬಂದರೆ ಕಡಲಿನ ಬೆಚ್ಚನೆಯ ಗಾಳಿ ಒಳನುಗ್ಗಿ ಹಿಮ ಮಳೆಯಾಗುತ್ತದೆ. ಟಿವಿಯವರು ಈ ಮಳೆ ಹಿಮಗಳ ಗಡಿಯನ್ನು ಹೆದ್ದಾರಿಗಳ ಲೆಕ್ಕದಲ್ಲಿಯೇ ಹೇಳುತ್ತಾರೆ: 128ರ ಒಳಗೆ ಮಳೆ, 495ರ ಆಚೆ ಹಿಮ, ನಡುವೆ ಇದ್ದವರ ಹಣೆಬರಹ. ನಾನು ನಡುವೆ ಇದ್ದೇನೆ.

ಡಿಸೆಂಬರಿನಲ್ಲಿ ಈ ಗಡಿ ನಮ್ಮನ್ನು ದಾಟಿ ಒಳನಾಡಿಗೆ ಹೋಗಿರುವುದೇ ಹೆಚ್ಚು. ಬೇಸಿಗೆಯ ಕಾವನ್ನು ಕಡಲು ಅಷ್ಟು ಬೇಗ ಬಿಡುವುದಿಲ್ಲ. ಫೆಬ್ರವರಿಯ ಹೊತ್ತಿಗೆ ನೀರು ಮೂರು ನಾಲ್ಕು ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿರುತ್ತದೆ, ಆಗ ತೀರದಲ್ಲಿಯೂ ಹಿಮ ನಿಲ್ಲುತ್ತದೆ. ತಣ್ಣಗಾದ ಕಡಲು ಆಮೇಲೆ ಬಿಸಿಯಾಗುವುದಕ್ಕೂ ಅಷ್ಟೇ ಸೋಮಾರಿ. ಒಳನಾಡಿನಲ್ಲಿ ಮೇ ತಿಂಗಳಲ್ಲಿ ಜನ ಅಂಗಿಯ ತೋಳು ಮಡಚಿದ್ದರೆ, ಕಡಲಗಾಳಿ ಬೀಸಿದ ಮಧ್ಯಾಹ್ನ ಬಾಸ್ಟನ್ನಿನವರು ಮತ್ತೆ ಜಾಕೆಟ್ ಹುಡುಕುತ್ತಾರೆ. ಇಂಥ ಕಡಲನ್ನು ನಂಬಿ ಯಾರು ಪಂಚಾಂಗ ಬರೆಯಬಲ್ಲರು? 1997ರಲ್ಲಿ ವಸಂತ ಬಂತೆಂದು ಊರೆಲ್ಲ ನೆಮ್ಮದಿಯಲ್ಲಿದ್ದಾಗ ಮಾರ್ಚ್ 31 ಮತ್ತು ಏಪ್ರಿಲ್ 1ರಂದು 25.4 ಇಂಚು ಬಿತ್ತು. ಮೂರ್ಖರ ದಿನವನ್ನು ಆಕಾಶ ಅಷ್ಟು ಶ್ರದ್ಧೆಯಿಂದ ಆಚರಿಸಿದ್ದು ಅದೊಂದೇ ಸಲ ಇರಬೇಕು.

ಬಾಸ್ಟನ್ನಿನ ಸರಾಸರಿ ಚಳಿಗಾಲದ ಹಿಮ ಸುಮಾರು 49 ಇಂಚು. ನನಗೆ ಈ ಸರಾಸರಿಯ ಮೇಲೆ ಮೊದಲಿನಿಂದಲೂ ಅನುಮಾನ. 2011-12ರಲ್ಲಿ 9.3 ಇಂಚು, 2014-15ರಲ್ಲಿ 110.6 ಇಂಚು. ಇವೆರಡರ ನಡುವೆ ಎಲ್ಲೋ ಆ 49 ವಾಸವಾಗಿದೆಯಂತೆ. ನಾನು ಅದನ್ನು ಮುಖತಃ ಕಂಡಿಲ್ಲ.

ಆ 110.6ರ ವರ್ಷವನ್ನು ಕುರಿತು ಹೇಳದಿದ್ದರೆ ನನ್ನ ಸೊಂಟ ಒಪ್ಪುವುದಿಲ್ಲ. ಜನವರಿ 26ರವರೆಗೂ ಆ ಚಳಿಗಾಲ ಸಾಧುವಾಗಿಯೇ ಇತ್ತು. ಅಲ್ಲಿಂದ ಮುಂದೆ ವಾರಕ್ಕೊಂದರಂತೆ ಹಿಮಗಾಳಿ. ಫೆಬ್ರವರಿ ಒಂದರಲ್ಲಿಯೇ 64.8 ಇಂಚು. ನಡುವೆ ಬಿಸಿಲು ಕಾದು ಕರಗಿದ್ದರೆ ಹೇಗೋ ಆಗುತ್ತಿತ್ತು, ಚಳಿ ಬಿಡಲಿಲ್ಲ. ಹಿಮವನ್ನು ಎತ್ತಿ ಹಾಕುವುದಾದರೂ ಎಲ್ಲಿಗೆ? ಅಂಗಳದ ಎರಡೂ ಬದಿಯ ರಾಶಿ ನನ್ನ ತಲೆ ಮೀರಿ ಬೆಳೆದು, ಒಂದು ಸಲಿಕೆ ಮೇಲೆ ಎಸೆದರೆ ಅರ್ಧ ನನ್ನ ಕೊರಳಿಗೇ ಬೀಳುತ್ತಿತ್ತು. ಎಲ್ಲ ಗೋರಿ ಮುಗಿಸಿ ಒಳಗೆ ಬಂದು ಕಾಫಿ ಲೋಟ ಹಿಡಿಯುವಷ್ಟರಲ್ಲಿ ಹಿಮ ತಳ್ಳುವ ಲಾರಿ ಬಂದು, ರಸ್ತೆಯ ಹಿಮವನ್ನೆಲ್ಲ ನಮ್ಮ ಅಂಗಳದ ಬಾಯಿಗೆ ಒತ್ತಿ ಹೋಗುತ್ತಿತ್ತು. ಆ ಚಾಲಕನಿಗೆ ನಮ್ಮ ಮನೆಯ ಕಾಫಿಯ ಹೊತ್ತು ಹೇಗೆ ಗೊತ್ತಾಗುತ್ತಿತ್ತೋ ತಿಳಿಯದು. ನಗರದ ರೈಲುಗಳು ನಿಂತವು. ಶಾಲೆಗಳ ರಜೆ ಬೆಳೆದು ಬೆಳೆದು ಮಕ್ಕಳಿಗೇ ಬೇಸರ ಬಂತು. ದೋಸೆಹಿಟ್ಟು ಹುಳಿ ಬರಲು ಓವನ್ನಿನ ದೀಪ ಹಚ್ಚಿ ಒಳಗಿಡುವುದು ಇಲ್ಲಿನ ಕನ್ನಡಿಗರ ಮನೆಗಳ ಚಳಿಗಾಲದ ಪದ್ಧತಿ. ಆ ವರ್ಷ ಅದಕ್ಕೂ ಹಿಟ್ಟು ಜಗ್ಗಲಿಲ್ಲ.

ಕಾರು ನಿಲ್ಲಿಸುವ ಜಾಗದ ಕಥೆ ಬೇರೆ. ಬಾಸ್ಟನ್ನಿನಲ್ಲಿ ಬೀದಿಬದಿಯ ಜಾಗವನ್ನು ಗೋರಿ ತೆರವು ಮಾಡಿದವನು ಅಲ್ಲಿ ಒಂದು ಹಳೆಯ ಕುರ್ಚಿಯನ್ನೋ ಮುರುಕು ಇಸ್ತ್ರಿ ಮೇಜನ್ನೋ ಇಟ್ಟು ಹೋಗುತ್ತಾನೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವ ಹಾಗೆ. ನಗರಾಡಳಿತ ಸಾರಿದ ಹಿಮದ ತುರ್ತುಸ್ಥಿತಿ ಮುಗಿದ ಮೇಲೆ 48 ಗಂಟೆಯವರೆಗೆ ಕುರ್ಚಿಯ ಹಕ್ಕನ್ನು ಅದೂ ಮನ್ನಿಸುತ್ತದೆ. ಆಮೇಲೆ ತೆಗೆಯಬೇಕು. ಸೌತ್ ಎಂಡ್ ಬಡಾವಣೆಯವರು ಮಾತ್ರ ಈ ಕುರ್ಚಿಗಳೇ ಬೇಡವೆಂದು ಹಟ ಹಿಡಿದವರು. ಉಳಿದ ಕಡೆ ಕುರ್ಚಿ ಸರಿಸಿ ಕಾರು ನಿಲ್ಲಿಸಿದವನ ಟೈರಿನ ಗಾಳಿಗೆ ಯಾರೂ ಹೊಣೆಯಲ್ಲ.

ವಿಚಿತ್ರವೆಂದರೆ ಮಾರ್ಚ್ ಬರುವಾಗ ಜನರ ಮನಸ್ಸು ತಿರುಗಿತು. 1995-96ರ ದಾಖಲೆ 107.6 ಇಂಚು. ಅದನ್ನು ಮುರಿಯಲು ಇನ್ನು ಎರಡು ಇಂಚು ಸಾಕು ಎಂದು ಟಿವಿಯವರು ಹೇಳತೊಡಗಿದ ಮೇಲೆ, ಹಿಮವನ್ನು ಬಾಯಿತುಂಬ ಬೈಯುತ್ತಿದ್ದವರೇ ಆಕಾಶ ನೋಡತೊಡಗಿದರು. ಇಷ್ಟು ಅನುಭವಿಸಿದ ಮೇಲೆ ಎರಡನೆಯ ಸ್ಥಾನ ಯಾರಿಗೆ ಬೇಕು? ನಾನೂ ಹಾಗೆಯೇ ಬಯಸಿದೆ. ಮಾರ್ಚ್ 15, ಭಾನುವಾರ, 2.9 ಇಂಚು ಬಿದ್ದು ದಾಖಲೆ ಮುರಿಯಿತು. ಮರುದಿನ ಅಜ್ಜನಿಗೆ ಈ ಸಂಗತಿ ತಿಳಿಸಿದೆ. "ಅದು ಇಡೀ ಚಳಿಗಾಲದ ಲೆಕ್ಕ. ಎಪ್ಪತ್ತೆಂಟು ಒಂದೂವರೆ ದಿನದ್ದು" ಎಂದರು.

ಆಮೇಲೆ ಬರಗಾಲವೂ ಬಂತು. 2022-23ರಲ್ಲಿ 12.4 ಇಂಚು, ಅದರ ಮರುವರ್ಷ ಹತ್ತಕ್ಕೂ ಕಡಿಮೆ. ಹಿಮ ಊದುವ ಯಂತ್ರ ಗ್ಯಾರೇಜಿನಲ್ಲಿ ಧೂಳು ಹಿಡಿಯಿತು. ಆ ಚಳಿಗಾಲಗಳಲ್ಲಿ ಹೋಲಿಸಲು ಸಿಕ್ಕದ್ದು ಮಳೆ ಮತ್ತು ಕೆಸರು. ಹಾಗಾಗಿ ಮಾತು ಮತ್ತೆ 2015ಕ್ಕೇ ಹೊರಳುತ್ತಿತ್ತು. ಹೋದ ವರ್ಷ ನಮ್ಮ ಬೀದಿಗೆ ಹೊಸದಾಗಿ ಬಂದ ಹೈದರಾಬಾದಿನ ದಂಪತಿ ನಾಲ್ಕು ಇಂಚು ಹಿಮ ಕಂಡು ಗಾಬರಿಯಾದಾಗ ನಾನು ಅವರಿಗೆ ಹೇಳಿದ ಇಸವಿ ಯಾವುದೆಂದು ಹೇಳಬೇಕಾಗಿಲ್ಲ.

2015ರ ಹಿಮವನ್ನು ನಗರದವರು ಲಾರಿಗಳಲ್ಲಿ ಹೊತ್ತು ಕಡಲತೀರದ ಬಯಲೊಂದರಲ್ಲಿ ಗುಡ್ಡೆ ಹಾಕಿದ್ದರು. ಏಪ್ರಿಲ್ ಹೋಯಿತು, ಮೇ ಹೋಯಿತು, ಕಪ್ಪು ಕಸ ಹೊದ್ದ ಗುಡ್ಡೆ ಅಲ್ಲಿಯೇ ಇತ್ತು. ಅದು ಪೂರ್ತಿ ಕರಗಿತೆಂದು ಮೇಯರ್ ಸಾರಿದ್ದು ಜುಲೈ 14ರಂದು. ಊರಿನಲ್ಲಿ ಅದು ಪುನರ್ವಸು ಮಳೆಯ ಕಾಲ. ಸುದ್ದಿ ಹೇಳಲು ಅಣ್ಣನಿಗೆ ಫೋನ್ ಮಾಡಿದೆ. ಅವನು ಗದ್ದೆಯಿಂದ ಆಗಷ್ಟೇ ಬಂದಿದ್ದ.

"ನೂರಾ ಹತ್ತು ಇಂಚು ಎಂದೆಯಲ್ಲ, ಕರಗಿಸಿದರೆ ನೀರೆಷ್ಟು?" ಎಂದು ಕೇಳಿದ.

"ಹತ್ತು ಇಂಚು ಹಿಮಕ್ಕೆ ಸುಮಾರು ಒಂದು ಇಂಚು ನೀರು. ಹನ್ನೊಂದು ಎಂದಿಟ್ಟುಕೊ."

"ಅಷ್ಟೇಯೇ ಮಾರಾಯ! ಅಷ್ಟು ಮಳೆ ಆಗುಂಬೆಯಲ್ಲಿ ಎರಡು ದಿನಕ್ಕೆ ಬರುತ್ತದೆ. ಅದಕ್ಕೆ ಆರು ತಿಂಗಳು ಗಲಾಟೆ ಮಾಡಿದಿರಾ?"

ಮಳೆ ಬಂದ ನೀರು ಹರಿದು ಕಡಲು ಸೇರುತ್ತದೆ, ಅದನ್ನು ಯಾರೂ ಸಲಿಕೆಯಲ್ಲಿ ಎತ್ತಬೇಕಾಗಿಲ್ಲ ಎಂದು ವಿವರಿಸಲು ಹೊರಟೆ. ಅವನು ಆಗಲೇ ಎಪ್ಪತ್ತನಾಲ್ಕಕ್ಕೆ ಹೋಗಿದ್ದ.