ಬೆಂಕಿಪೊಟ್ಟಣ ತರೋಕೆ ಮನೆ ಮಡಚಬೇಕು

ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರುವ ಪಾಪ್-ಅಪ್ ಕ್ಯಾಂಪರ್ ಒಂದೆರಡು ರಾತ್ರಿಗೆ ಸೊಗಸು. ಚಾವಣಿ ಎತ್ತಿದರೆ ಬಟ್ಟೆಗೋಡೆಯ ಮನೆ, ಇಳಿಸಿದರೆ ಗಾಡಿ. ಒಂದೇ ಜಾಗದಲ್ಲಿ ಎರಡು ವಾರ ಇದ್ದು ನೋಡಿ, ಆಗ ಗೊತ್ತಾಗುತ್ತದೆ.

ಮೊನ್ನೆ ಬೆಂಕಿಪೊಟ್ಟಣ ಮುಗಿಯಿತು. ತರಲು ಟ್ರಕ್ ಬೇಕು, ಟ್ರಕ್ ಮೇಲೆ ಮನೆ ಇದೆ. ದಿಂಬು ಎತ್ತಿಡು, ಪಾತ್ರೆ ಒಳಗಿಡು, ಗ್ಯಾಸ್ ಬಂದ್ ಮಾಡು, ಚಾವಣಿ ಇಳಿಸು. ಆಮೇಲೆ ಹೊರಗೆ ಬಂದು ಸುತ್ತ ನೋಡಿದರೆ ಬಟ್ಟೆಗೋಡೆಯ ಒಂದು ಮಡಿಕೆ ನಾಲಿಗೆ ಚಾಚಿಕೊಂಡು ನೇತಾಡುತ್ತಿರುತ್ತದೆ. ಅದನ್ನು ಬೆರಳಲ್ಲಿ ತುರುಕಿ ಲ್ಯಾಚ್ ಹಾಕು. ವಾಪಸ್ ಬಂದ ಮೇಲೆ ಎಲ್ಲಾ ಉಲ್ಟಾ.

ಕ್ಯಾಂಪರನ್ನು ಜಾಕ್ ಮೇಲೆ ನಿಲ್ಲಿಸಿ ಟ್ರಕ್ ಬಿಡಿಸಿಕೊಳ್ಳಬಹುದಲ್ವಾ ಅಂತ ಕೇಳುತ್ತಾರೆ. ಬಿಡಿಸಿಕೊಳ್ಳಬಹುದು. ನೆಲ ಸಮವಾಗಿರಬೇಕು, ಅಷ್ಟೇ. ರಾತ್ರಿ ಮಗ್ಗುಲು ಬದಲಿಸಿದರೆ ತೊಟ್ಟಿಲು ತೂಗಿದ ಹಾಗೆ. ಮತ್ತೆ ಟ್ರಕ್ಕನ್ನು ನೇರವಾಗಿ ಅದರಡಿಗೆ ರಿವರ್ಸ್ ತರುವಾಗ ಜೊತೆಗೆ ಬಂದವರೊಂದಿಗೆ ಜಗಳ ಗ್ಯಾರಂಟಿ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ತೇವ. ಚಳಿ ರಾತ್ರಿಯಲ್ಲಿ ನಮ್ಮ ಉಸಿರೇ ಬಟ್ಟೆಗೋಡೆ ಮೇಲೆ ಹನಿಯಾಗಿ ನಿಲ್ಲುತ್ತದೆ. ಬೆಳಗ್ಗೆ ಹಾಸಿಗೆ ಎತ್ತಿದರೆ ಅಡಿಯೆಲ್ಲ ಒದ್ದೆ. ಹಾಗೇ ಮಡಚಿಟ್ಟರೆ ಬೂಷ್ಟು, ಒಣಗಲಿ ಅಂತ ಕಾದರೆ ಅರ್ಧ ದಿನ ಹೋಯಿತು. ರಾತ್ರಿ ಕಿಟಕಿ ತೆರೆದಿಟ್ಟರೆ ಹನಿ ಕಮ್ಮಿ, ನಡುಕ ಜಾಸ್ತಿ.

ಅಷ್ಟು ಕಷ್ಟಪಟ್ಟು ತಂದ ಬೆಂಕಿಪೊಟ್ಟಣವನ್ನು ಹಾಸಿಗೆ ಪಕ್ಕದಲ್ಲೇ ಇಟ್ಟು ಮಲಗಿದ್ದೆ. ಬೆಳಗ್ಗೆ ಒಂದು ಕಡ್ಡಿಯೂ ಹತ್ತಲಿಲ್ಲ.