ಹೆರಿಗೆ ಮಾಡಿಸೋದನ್ನ ದೂರ ನಿಂತು ಕಲಿಯೋಕಾಗಲ್ಲ

ನಿನ್ನೆ ತಂಗಿಯ ಮಗಳು ಮನೆಗೆ ಬಂದಿದ್ದಳು. ನರ್ಸಿಂಗ್ ಕಡೇ ವರ್ಷ. ಮಾಡಿಸಿದ ಹೆರಿಗೆಗಳನ್ನು ಬರೆದು ಸಹಿ ಹಾಕಿಸಿಕೊಳ್ಳುವ ಅವಳ ಕೇಸ್ ಬುಕ್ ತಿರುವಿ ಹಾಕಿದೆ. ಅಚ್ಚುಕಟ್ಟಾದ ಅಕ್ಷರ, ಪುಟಪುಟಕ್ಕೂ ಸಹಿ. "ಇಷ್ಟೂ ಹೆರಿಗೆ ನೀನೇ ಮಾಡಿಸಿದ್ದಾ?" ಅಂತ ಕೇಳಿದೆ. "ಇಲ್ಲ ದೊಡ್ಡಮ್ಮ, ಹೆಚ್ಚಿನದ್ದು ಹಿಂದೆ ನಿಂತು ನೋಡಿದ್ದು. ಅಷ್ಟು ಜನ ಇರ್ತೇವಲ್ಲ, ಗ್ಲೌಸ್ ಹಾಕ್ಲಿಕ್ಕೆ ಒಬ್ಬರಿಗೆ ಹೇಳ್ತಾರೆ" ಅಂದಳು. ರಾತ್ರಿಯಿಡೀ ಅದೇ ಮಾತು ಕೊರೆಯಿತು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಹಿ ಹಾಕಿದವರ ಮೇಲೆ ಇದೆ.

ಲೇಬರ್ ರೂಮಿನಲ್ಲೇ ನನ್ನ ಅರ್ಧ ಆಯುಷ್ಯ ಹೋಯ್ತು ಅಂತ ಇಲ್ಲಿರುವವರಿಗೆಲ್ಲ ಗೊತ್ತು. ಮಗುವಿನ ತಲೆ ಹೊರಗೆ ಬರುವಾಗ ಒಂದು ಕೈ ತಲೆಯ ಮೇಲೆ ಇರಬೇಕು, ಅದು ರಭಸದಿಂದ ಬಾರದ ಹಾಗೆ. ಇನ್ನೊಂದು ಕೈ ಕೆಳಗೆ ಆಧಾರ ಕೊಡಬೇಕು, ತಾಯಿಗೆ ಹರಿಯದ ಹಾಗೆ. ಎಷ್ಟು ಒತ್ತಬೇಕು? ಓದಿದರೆ ಗೊತ್ತಾಗುವುದಿಲ್ಲ. ನನಗೆ ಕಲಿಸಿದ ಸಿಸ್ಟರ್ ನನ್ನ ಕೈಯ ಮೇಲೇ ಅವರ ಕೈ ಇಟ್ಟಿದ್ದರು. ನಾನು ಗಾಬರಿಯಲ್ಲಿ ಬಿಗಿ ಹಿಡಿದಾಗ ಅವರ ಬೆರಳು ನನ್ನ ಬೆರಳನ್ನು ಮೆಲ್ಲಗೆ ಸಡಿಲ ಮಾಡಿತು. ಬಾಯಲ್ಲಿ ಒಂದು ಮಾತಿಲ್ಲ. ನನಗೆ ಅಳು ಬಂದಿತ್ತು ಆವತ್ತು, ಭಯಕ್ಕೋ ಸಂತೋಷಕ್ಕೋ ಗೊತ್ತಿಲ್ಲ.

ಮಗು ಬಂದ ಮೇಲೂ ಕೆಲಸ ಮುಗಿಯುವುದಿಲ್ಲ, ಅಲ್ವಾ? ಒಂದು ನಿಮಿಷದೊಳಗೆ ಗರ್ಭಕೋಶ ಬಿಗಿಯಾಗುವ ಔಷಧಿ, 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕು. ಕಸ (ಮಾಸು) ಬಿದ್ದ ಮೇಲೆ ಹೊಟ್ಟೆ ಮುಟ್ಟಿ ನೋಡಬೇಕು. ಗರ್ಭಕೋಶ ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿ ಕೈಗೆ ಸಿಕ್ಕಿದರೆ ಸಮಾಧಾನ. ಮೆತ್ತಗಿದ್ದರೆ ರಕ್ತ ಹೋಗುತ್ತಿದೆ ಅಂತಲೇ ಲೆಕ್ಕ. ಆ ಗಟ್ಟಿ, ಆ ಮೆತ್ತಗೆ ಎರಡನ್ನೂ ಮುಟ್ಟದ ಹುಡುಗಿಗೆ ಪಾಸಾಗಿದ್ದೀಯ ಅಂತ ಕಾಗದ ಕೊಡುತ್ತೇವಲ್ಲ, ಅದು ಹೇಗೆ?

ಕೆಲವರು ಹೇಳುತ್ತಾರೆ, ಬೇನೆ ತಿನ್ನುವ ಹೆಂಗಸಿನ ಮೇಲೆ ಕಲಿಯಲು ಬಿಡಬಾರದು, ಈಗ ಅಭ್ಯಾಸಕ್ಕೆ ಬೊಂಬೆಗಳಿವೆಯಲ್ಲ ಅಂತ. ಬೊಂಬೆಯ ಮೇಲೆ ಶುರು ಮಾಡಲಿ, ಒಳ್ಳೆಯದೇ. ಆದರೆ ಬೊಂಬೆ ನೋವಿಗೆ ಮಗ್ಗುಲಾಗಿ ನಿಮ್ಮ ಕೈ ಹಿಡಿದು ಎಳೆಯುವುದಿಲ್ಲ. ನಮ್ಮ ಕಾಸರಗೋಡಿನ ಕಡೆ ಒಬ್ಬಳು ತುಳುವಿನಲ್ಲಿ ಕೂಗಿದರೆ ಪಕ್ಕದವಳು ಬ್ಯಾರಿಯಲ್ಲಿ, ಇನ್ನೊಬ್ಬಳು ಮಲಯಾಳದಲ್ಲಿ. ಅವರನ್ನು ಸಮಾಧಾನ ಮಾಡುತ್ತಲೇ ಕೈ ಕೆಲಸ ಮಾಡಬೇಕು. ಅನುಭವಸ್ಥೆ ಪಕ್ಕದಲ್ಲಿರುವಾಗ ಕಲಿಯದವಳು ಯಾರೂ ಇಲ್ಲದ ರಾತ್ರಿಯಲ್ಲಿ ಕಲಿಯಬೇಕಾಗುತ್ತದೆ. ಅಪಾಯ ಯಾವುದರಲ್ಲಿ ಜಾಸ್ತಿ?

ಕಷ್ಟವಾದರೆ ಮಂಗಳೂರಿಗೆ ಕಳಿಸಿದರಾಯ್ತು ಅನ್ನುವವರು 2020 ನೆನಪು ಮಾಡಿಕೊಳ್ಳಲಿ. ಲಾಕ್‌ಡೌನ್‌ನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನಮಗೆ ಮರೆತಿಲ್ಲ. ನಮ್ಮ ಊರಿನಲ್ಲೇ ಪಳಗಿದ ಕೈ ಬೇಕು.

ಅವಕಾಶವೇ ಕಡಿಮೆ ಅನ್ನುವುದು ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ನೂರಕ್ಕೆ ಸುಮಾರು 39 ಹೆರಿಗೆ ಸಿಸೇರಿಯನ್. ಉಳಿದ ಹೆರಿಗೆಗಳನ್ನು ವೈದ್ಯ ವಿದ್ಯಾರ್ಥಿಗಳು, ನರ್ಸಿಂಗ್ ಮಕ್ಕಳು ಎಲ್ಲ ಹಂಚಿಕೊಳ್ಳಬೇಕು. ಹಾಗಂತ ನೋಡಿದ್ದನ್ನು ಮಾಡಿದ್ದು ಅಂತ ಬರೆಸುವುದಾ? ಯುರೋಪಿಯನ್ ಒಕ್ಕೂಟದಲ್ಲಿ ಮಿಡ್‌ವೈಫ್ (ತರಬೇತಿ ಪಡೆದ ಸೂಲಗಿತ್ತಿ) ಆಗುವವಳು ತಾನೇ 40 ಹೆರಿಗೆ ಮಾಡಿಸಬೇಕು. ಹೆರಿಗೆಗಳು ಸಾಕಷ್ಟು ಸಿಗದಿದ್ದರೆ 30ಕ್ಕೆ ಇಳಿಸಬಹುದು, ಆದರೆ ಇನ್ನೂ 20ಕ್ಕೆ ನೆರವಾಗಿರಬೇಕು. ಮಾಡಿದ್ದು ಬೇರೆ, ನೆರವಾದದ್ದು ಬೇರೆ ಅಂತ ಅಲ್ಲಿ ನಿಯಮವೇ ಇದೆ. ನಮ್ಮ ಕೇಂದ್ರ ಸರಕಾರವೂ 2018ರಲ್ಲಿ ಮಿಡ್‌ವೈಫರಿ ಸೇವೆಗೆ ಮಾರ್ಗಸೂಚಿ ತಂದು, ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿ ಅಂತ ಹೇಳಿತು. ತುಂಬಾ ಖುಷಿಯಾಯಿತು ನನಗೆ. ಆದರೆ ಮೊದಲ ಪಾಠವೇ ಹಿಂದಿನ ಸಾಲಿನಲ್ಲಿ ಕಳೆದರೆ ಆಮೇಲಿನ ತರಬೇತಿ ಯಾವುದರ ಮೇಲೆ ನಿಲ್ಲಬೇಕು?

ಲೇಬರ್ ರೂಮಿನಲ್ಲಿರುವ ನನ್ನ ಸ್ನೇಹಿತೆಯರೇ, ನಿಮ್ಮ ಕೆಲಸದ ಒತ್ತಡ ನನಗೆ ಗೊತ್ತು. ಆದರೂ ಕೇಳುತ್ತೇನೆ. ಒಂದು ಹೆರಿಗೆಗೆ ಒಬ್ಬಳೇ ಹುಡುಗಿಯನ್ನು ಒಳಗೆ ಕರೆಯಿರಿ, ಉಳಿದವರನ್ನು ಹೊರಗೆ ಕಳಿಸಿ. ಆ ತಾಯಿಯನ್ನು ಮೊದಲೇ ಕೇಳಿ, ಬೇಡ ಅಂದರೆ ಬೇಡ. ಒಪ್ಪಿದರೆ ಹುಡುಗಿಯ ಕೈ ಮೇಲೆ ನಿಮ್ಮ ಕೈ ಇಡಿ. ಅವಳು ಮಾಡಿಸದ ಹೆರಿಗೆಗೆ ದಯವಿಟ್ಟು ಸಹಿ ಹಾಕಬೇಡಿ.